ಹುಸಿರೂಪ: ಅಂಕೀಯ ಚಿತ್ರ ಮತ್ತು ಧ್ವನಿಯಲ್ಲಿ ಅಲಿಯಾಸಿಂಗ್

ಪೀಠಿಕೆ

ದಸ್ತಾವೇಜುಗಳಲ್ಲಿ ಒಬ್ಬ ವ್ಯಕ್ತಿಗಿರುವ ಇನ್ನೊಂದು ಹೆಸರನ್ನು ‘ಉರ್ಫ್’, ‘ಯಾನೆ’ ಅಥವಾ ‘ಅಲಿಯಾಸ್’ ಎಂದು ನಮೂದಿಸುವುದು ರೂಢಿ. ಅಂಕೀಯ ಚಿತ್ರದಲ್ಲಾಗಲಿ ಧ್ವನಿಯಲ್ಲಾಗಲಿ ಒಂದು ಸಂಕೇತವು ತನ್ನದಲ್ಲದ ರೂಪದಲ್ಲಿ ತೋರಿಕೊಳ್ಳುವುದೇ ಅಲಿಯಾಸಿಂಗ್. ಈ ಪಾಠದಲ್ಲಿ ಅದನ್ನು ‘ಹುಸಿರೂಪ’ ಎಂದು ಕರೆಯೋಣ.

ಚಟುವಟಿಕೆ 1: ಹಿಂದಕ್ಕೆ ನಡೆಯುವ ಗಡಿಯಾರ

ಗೋಡೆ ಗಡಿಯಾರವನ್ನು ಕಾಗದದಿಂದ ಮುಚ್ಚಿ, ಸೆಕೆಂಡಿನ ಮುಳ್ಳು 12ರಲ್ಲಿದ್ದಾಗ ಒಮ್ಮೆ ತೋರಿಸಿರಿ. ಅನಂತರ 55 ಸೆಕೆಂಡಿಗೊಮ್ಮೆ ಕ್ಷಣಕಾಲ ತೆರೆಯಿರಿ. ಮುಳ್ಳು ಕ್ರಮವಾಗಿ 11, 10, 9ರಲ್ಲಿ ಕಾಣುತ್ತದೆ. ಅದನ್ನು ಮಾತ್ರ ಗಮನಿಸಿದ ಮಗು ಗಡಿಯಾರ ಹಿಂದಕ್ಕೆ ಓಡುತ್ತಿದೆಯೆನ್ನುತ್ತದೆ. 30 ಸೆಕೆಂಡಿಗೊಮ್ಮೆ ತೆರೆದರೆ ಮುಳ್ಳು 6 ಮತ್ತು 12ರಲ್ಲಿ ಮಾತ್ರ ಕಂಡು, ದಿಕ್ಕೇ ತಿಳಿಯದು. 20 ಸೆಕೆಂಡಿಗೊಮ್ಮೆ ತೆರೆದರೆ 4, 8, 12 ಎಂದು ಸರಿಯಾದ ಚಲನೆ ಗೋಚರಿಸುತ್ತದೆ. ಒಂದು ಸುತ್ತಿನೊಳಗೆ ಎರಡಕ್ಕಿಂತ ಹೆಚ್ಚು ಬಾರಿ ನೋಡಬೇಕೆಂಬುದು ಇದರ ಸಾರ. 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ತಳಹದಿ ಹಾಕಿದ ಈ ತತ್ತ್ವವನ್ನು 1949ರಲ್ಲಿ ಕ್ಲಾಡ್ ಶಾನನ್ ಗಣಿತೀಯವಾಗಿ ನಿರೂಪಿಸಿದರು.

ಧ್ವನಿ

ಮನುಷ್ಯನ ಕಿವಿ ಸುಮಾರು 20,000 ಹರ್ಟ್ಜ್‌ವರೆಗಿನ ಧ್ವನಿಯನ್ನು ಕೇಳಬಲ್ಲದು. ಆದ್ದರಿಂದಲೇ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳನ್ನು ದಾಖಲಿಸುತ್ತಾರೆ. ಸಾಮಾನ್ಯ ದೂರವಾಣಿಯ ಧ್ವನಿಗೆ 8,000 ಮಾದರಿಗಳು. ಆ ದರದಲ್ಲಿ 5,000 ಹರ್ಟ್ಜ್‌ನ ಸ್ವರವನ್ನು ನೇರವಾಗಿ ದಾಖಲಿಸಿದರೆ ದೊರೆಯುವ ಅಂಕಿಗಳು 3,000 ಹರ್ಟ್ಜ್‌ನ ಸ್ವರದಿಂದಲೂ ದೊರೆಯುವಂಥವು. ಎರಡನ್ನೂ ಬೇರ್ಪಡಿಸುವ ಉಪಾಯ ಆಮೇಲೆ ಉಳಿಯುವುದಿಲ್ಲ. ಆದಕಾರಣ ಮಾದರಿ ತೆಗೆಯುವ ಮೊದಲೇ, ದರದ ಅರ್ಧಕ್ಕಿಂತ ಹೆಚ್ಚಿನ ಆವೃತ್ತಿಗಳನ್ನು ಶೋಧಕದಿಂದ ತಡೆಯಬೇಕು. ಇದೇ ಹುಸಿರೂಪ ನಿವಾರಣೆ.

ಶೋಧಕವು ಸುಳ್ಳನ್ನು ತಡೆಯುತ್ತದೆ, ಕಳೆದುಹೋದುದನ್ನು ಮರಳಿಸುವುದಿಲ್ಲ. ಸಕಾರದ ಊದುಧ್ವನಿಯ ಬಹುಪಾಲು 4,000 ಹರ್ಟ್ಜ್‌ಗಿಂತ ಮೇಲಿರುವುದರಿಂದ ಕಡಿಮೆ ದರದ ಧ್ವನಿಮುದ್ರಣದಲ್ಲಿ ‘ಸಾಲು’, ‘ಶಾಲು’ಗಳ ಭೇದ ಮಸುಕಾಗುತ್ತದೆ. ಉಕ್ತಲೇಖನದ ಧ್ವನಿಯನ್ನು 44,100ರ ದರದಲ್ಲಿ ದಾಖಲಿಸುವುದು ಲೇಸು.

ಚಿತ್ರ

ಚಿತ್ರದಲ್ಲಿ ಕಾಲದ ಬದಲು ಸ್ಥಳವನ್ನು ಚುಕ್ಕಿಗಳಾಗಿ ವಿಂಗಡಿಸಲಾಗುತ್ತದೆ. ಓರೆಗೆರೆ ಮೆಟ್ಟಿಲಿನಂತೆ ಕಾಣುವುದೂ ಒತ್ತಾದ ಗೆರೆಗಳ ಬಟ್ಟೆಯ ಚಿತ್ರದಲ್ಲಿ ಇಲ್ಲದ ಅಲೆಗಳು ಮೂಡುವುದೂ ಹುಸಿರೂಪಗಳೇ. ಗೆರೆಯು ಚುಕ್ಕಿಯ ಎಷ್ಟು ಭಾಗವನ್ನು ಆವರಿಸಿದೆಯೋ ಅಷ್ಟೇ ಪ್ರಮಾಣದ ಬೂದುಬಣ್ಣ ತುಂಬಿದರೆ ಅಂಚು ನಯವಾಗುತ್ತದೆ.

ಚಿತ್ರವನ್ನು ಕುಗ್ಗಿಸುವಾಗಲೂ ಇದೇ ನಿಯಮ. ನಾಲ್ಕರಲ್ಲೊಂದು ಚುಕ್ಕಿಯನ್ನು ಮಾತ್ರ ಉಳಿಸಿ ಮಿಕ್ಕವನ್ನು ಬಿಟ್ಟರೆ ‘ಧ’ಕಾರದ ಸಣ್ಣ ಸೀಳು ಮಾಯವಾಗಿ ‘ಧನ’ವು ‘ದನ’ವಾಗಬಹುದು. ನೆರೆಯ ಚುಕ್ಕಿಗಳ ಸರಾಸರಿ ತೆಗೆದು ಕುಗ್ಗಿಸಿದರೆ ಸೀಳಿನ ಛಾಯೆಯಾದರೂ ಉಳಿಯುತ್ತದೆ. ಪಾಠದ ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿ, ಒತ್ತಕ್ಷರ ಮತ್ತು ಮಹಾಪ್ರಾಣಗಳನ್ನು ಪರಿಶೀಲಿಸಿಯೇ ಹಂಚಿರಿ.

ಚಟುವಟಿಕೆ 2

ಚೌಕುಳಿ ಹಾಳೆಯ ಮೇಲೆ ದಪ್ಪನೆಯ ಓರೆಪಟ್ಟಿಯನ್ನು ಎರಡು ಬಾರಿ ಬರೆಸಿರಿ. ಒಂದರಲ್ಲಿ ಅರ್ಧಕ್ಕಿಂತ ಹೆಚ್ಚು ಆವೃತವಾದ ಚೌಕಗಳನ್ನು ಪೂರ್ಣ ಕಪ್ಪಾಗಿಸಲಿ. ಇನ್ನೊಂದರಲ್ಲಿ ಆವೃತ ಭಾಗಕ್ಕೆ ತಕ್ಕಂತೆ ಪೆನ್ಸಿಲಿನ ಛಾಯೆ ತುಂಬಲಿ. ಎರಡನ್ನೂ ತರಗತಿಯ ಹಿಂಬದಿಯಿಂದ ನೋಡಿ ಹೋಲಿಸಲಿ.

ಶಿಕ್ಷಕರ ಗಮನಕ್ಕೆ

ಅಂಗಡಿಯ ಫಲಕವೂ ಬಸ್ಸಿನ ಹಲಗೆಯೂ ಬೇರೆ ಲಿಪಿಯಲ್ಲಿರುವ ಊರಿನ ಮಗುವಿಗೆ ನಾವು ಕೊಡುವ ಹಾಳೆಯೇ ಕನ್ನಡದ ಪ್ರಮಾಣ. ಅದರಲ್ಲಿನ ತಪ್ಪನ್ನು ತಿದ್ದಿಕೊಳ್ಳಲು ಅದಕ್ಕೆ ಬೀದಿಯಲ್ಲಿ ಇನ್ನೊಂದು ಅಕ್ಷರ ಸಿಗದು. ಮಗು ‘ಧನ’ಕ್ಕೆ ‘ದನ’ವೆಂದು ಬರೆದಾಗ ಕೆಂಪು ಗೆರೆ ಎಳೆಯುವ ಮುನ್ನ ನಾವು ಹಂಚಿದ ಪ್ರತಿಯನ್ನೊಮ್ಮೆ ನೋಡುವುದು ನ್ಯಾಯ.

ಮೌಲ್ಯಮಾಪನ

1. ಗಡಿಯಾರವನ್ನು 50 ಸೆಕೆಂಡಿಗೊಮ್ಮೆ ನೋಡಿದರೆ ಮುಳ್ಳು ಯಾವ ದಿಕ್ಕಿನಲ್ಲಿ ಎಷ್ಟು ಚಲಿಸಿದಂತೆ ಕಾಣುತ್ತದೆ?
2. 8,000 ಮಾದರಿಗಳ ದರದಲ್ಲಿ, ಶೋಧಕವಿಲ್ಲದೆ ದಾಖಲಿಸಿದ 6,000 ಹರ್ಟ್ಜ್‌ನ ಸ್ವರದ ಹುಸಿರೂಪ ಯಾವುದು?
3. ಶೋಧಕವನ್ನು ದಾಖಲಾತಿಯ ನಂತರ ಬಳಸಿದರೆ ಪ್ರಯೋಜನವಿಲ್ಲವೇಕೆ?