ಮೂಕಿಚಿತ್ರದಲ್ಲಿ ಒಂದು ನಾಣ್ಯ

ಹಳೆಯ ನಾಣ್ಯಗಳು ಸಾಮಾನ್ಯವಾಗಿ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಲ್ಲಿ ಕಾಣಸಿಗುತ್ತವೆ. ಅಲ್ಲಿ ಅವುಗಳ ವರ್ಷ, ತೂಕ, ಲೋಹ ಎಲ್ಲವೂ ತಿಳಿಯುತ್ತವೆ. ಆದರೆ ಅಂಥದೊಂದು ನಾಣ್ಯ ಕಳೆದುಹೋದಾಗ ಹಸಿದವನ ಎದೆ ಹೇಗೆ ಝಲ್ಲೆನ್ನುತ್ತಿತ್ತೆಂಬುದು ತಿಳಿಯದು. ಅದನ್ನು ಅರಿಯಬೇಕಾದರೆ ಆ ಕಾಲದ ಮೂಕಿಚಿತ್ರಗಳನ್ನು ನೋಡಬೇಕು.

1917ರಲ್ಲಿ ತೆರೆಕಂಡ ಚಾರ್ಲಿ ಚಾಪ್ಲಿನ್ನರ 'ದಿ ಇಮಿಗ್ರಂಟ್' ಅಂತಹ ಒಂದು ಚಿತ್ರ. ಹಡಗಿನಲ್ಲಿ ಅಮೆರಿಕಕ್ಕೆ ಬಂದಿಳಿದ ಬಡ ವಲಸೆಗಾರನೊಬ್ಬನಿಗೆ ಬೀದಿಯಲ್ಲಿ ಒಂದು ನಾಣ್ಯ ದೊರೆಯುತ್ತದೆ. ಅವನು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ, ಜೇಬಿನಲ್ಲಿ ತೂತು! ನಾಣ್ಯ ಜಾರಿಹೋದುದನ್ನು ಅರಿಯದೆ ಅವನು ಭೋಜನಗೃಹವನ್ನು ಹೊಕ್ಕು ಬೇಯಿಸಿದ ಬೀನ್ಸ್ ತರಿಸಿಕೊಳ್ಳುತ್ತಾನೆ. ಹಡಗಿನಲ್ಲಿ ಪರಿಚಯವಾಗಿದ್ದ ತರುಣಿ ಅಲ್ಲಿಯೇ ಕಾಣಲು, ಆಕೆಗೂ ಊಟ ಹೇಳುತ್ತಾನೆ. ಅಷ್ಟರಲ್ಲಿ, ಹತ್ತು ಸೆಂಟ್ ಕಡಿಮೆ ಕೊಟ್ಟ ಗಿರಾಕಿಯೊಬ್ಬನನ್ನು ಮಾಣಿಗಳು ಥಳಿಸಿ ಹೊರದಬ್ಬುತ್ತಾರೆ. ವಲಸೆಗಾರನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಅಲ್ಲಿ ತೂತಲ್ಲದೆ ಬೇರೇನೂ ಇಲ್ಲ.

ಕಳೆದ ನಾಣ್ಯ ಇನ್ನೊಬ್ಬ ಬಡವನ ಕೈಯಿಂದ ಅದೇ ಭೋಜನಗೃಹಕ್ಕೆ ಬಂದು ನೆಲಕ್ಕೆ ಬೀಳುತ್ತದೆ. ವಲಸೆಗಾರನು ಹರಸಾಹಸದಿಂದ ಅದನ್ನೆತ್ತಿ ಮಾಣಿಗೆ ಕೊಡುತ್ತಾನೆ. ದೈತ್ಯಕಾಯದ ಮಾಣಿ ಅದನ್ನು ಹಲ್ಲಿನಿಂದ ಕಚ್ಚಿನೋಡುತ್ತಾನೆ. ನಾಣ್ಯ ಬಾಗುತ್ತದೆ. ಅದು ಖೋಟಾ!

ಅಂದಿನ ವರ್ತಕರು ನಾಣ್ಯವನ್ನು ಕುಟ್ಟಿ ಅದರ ನಾದವನ್ನೂ ಕೇಳುತ್ತಿದ್ದರು. ಮೂಕಿಚಿತ್ರದಲ್ಲಿ ನಾದವೆಲ್ಲಿಯದು? ಹಲ್ಲೇ ಗತಿ. ಅಮೆರಿಕದ ಬೆಳ್ಳಿನಾಣ್ಯದಲ್ಲಿ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಹತ್ತು ಪಾಲು ತಾಮ್ರ. ಬರಿಯ ಬೆಳ್ಳಿ ಮೆದುವಾದುದರಿಂದ ಗಡಸುತನಕ್ಕಾಗಿ ತಾಮ್ರವನ್ನು ಬೆರೆಸುತ್ತಿದ್ದರು. ಅದು ಹಲ್ಲಿಗೆ ಹೀಗೆ ಬಾಗುವಂತಹುದಲ್ಲ.

ಇಂತಹ ಚಿತ್ರಗಳಲ್ಲಿ ನಾಣ್ಯವನ್ನು ಗುರುತಿಸುವುದು ಸುಲಭವಲ್ಲ. ಅಕ್ಷರಗಳು ಮಸುಕು, ಕೈಗಳೋ ಚಂಚಲ. ಆದುದರಿಂದ ನಟನ ಬೆರಳಿಗೆ ಹೋಲಿಸಿ ಗಾತ್ರವನ್ನು ಅಂದಾಜು ಮಾಡಬೇಕು: ಹತ್ತು ಸೆಂಟಿನ ನಾಣ್ಯದ ಅಗಲ ಸುಮಾರು 18 ಮಿಲಿಮೀಟರು, ಡಾಲರಿನದು 38. ಅದೃಷ್ಟವಿದ್ದರೆ ಚಿತ್ರವೂ ಕಾಣುತ್ತದೆ. 1892ರಿಂದ ಬಳಕೆಯಲ್ಲಿದ್ದ ಅರ್ಧ ಡಾಲರಿನ ಮೇಲೆ ಸ್ವಾತಂತ್ರ್ಯದೇವಿಯ ಮುಖ ಮಾತ್ರವಿತ್ತು. 1916ರ ಹೊಸ ನಾಣ್ಯದಲ್ಲಿ ಆಕೆ ನಡೆದುಬರುತ್ತಾಳೆ. 'ಶಾಂತಿ ಡಾಲರ್' ಎಂಬ ನಾಣ್ಯವಾದರೋ 1921ರ ಡಿಸೆಂಬರಿನಲ್ಲಿ ಟಂಕಿತವಾದುದು. ಅದನ್ನು ಚಾಪ್ಲಿನ್ನರ ಈ ಚಿತ್ರದಲ್ಲಿ ಕಂಡೆನೆಂದವರ ಕಣ್ಣನ್ನೇ ಸಂದೇಹಿಸಬೇಕಾಗುತ್ತದೆ.

ಚಿನ್ನದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಕಪ್ಪುಬಿಳುಪಿನಲ್ಲಿ ಅದರ ಹಳದಿಯೇ ಅಳಿಸಿಹೋಗುತ್ತದೆ. 1924ರ 'ಗ್ರೀಡ್' ಚಿತ್ರದ ನಿರ್ದೇಶಕ ಎರಿಕ್ ಫಾನ್ ಸ್ಟ್ರೋಹೈಮರು ಹೊನ್ನು ಹೊನ್ನಾಗಿಯೇ ಕಾಣಲೆಂದು ಅದಕ್ಕೆ ಹಳದಿ ಬಣ್ಣ ಹಾಕಿಸಿದರು.

ಇತ್ತ ಭೋಜನಗೃಹದಲ್ಲಿ ಚಿತ್ರಕಾರನೊಬ್ಬ ವಲಸೆಗಾರನ ಬಿಲ್ಲನ್ನು ತಾನೇ ಕೊಡಲು ಮುಂದಾಗುತ್ತಾನೆ. ಇವನು ಸಂಕೋಚದಿಂದ ಬೇಡವೆನ್ನುತ್ತಾನೆ. ಬೇಡವೆಂಬುದು ಒಂದು ಬಾರಿ ಹೆಚ್ಚಾಗಿ, ಚಿತ್ರಕಾರನು ಸುಮ್ಮನಾಗಿಬಿಡುತ್ತಾನೆ. ಕೊನೆಗೆ ಆ ಚಿತ್ರಕಾರನು ಮಾಣಿಗೆಂದು ಬಿಟ್ಟ ಚಿಲ್ಲರೆಯಿಂದಲೇ ವಲಸೆಗಾರನ ಊಟದ ಸಾಲ ತೀರುತ್ತದೆ.