ಮೆಕೋನಿಯಂ ಉಸಿರಿಗೆ ಸೇರಿದಾಗ

ಮೆಕೋನಿಯಂ ಎಂದರೆ ನವಜಾತ ಶಿಶುವಿನ ಮೊದಲ ಮಲ. ಕಪ್ಪು ಮಿಶ್ರಿತ ಹಸಿರು, ಅಂಟಂಟು. ದಿನ ತುಂಬಿದ ಅಥವಾ ದಿನ ಮೀರಿದ ಮಗು ಗರ್ಭದಲ್ಲೇ ಇದನ್ನು ವಿಸರ್ಜಿಸಿ, ಗರ್ಭಜಲದೊಂದಿಗೆ ಒಳಗೆಳೆದುಕೊಂಡರೆ ಶ್ವಾಸನಾಳ ಕಟ್ಟಿಕೊಳ್ಳುತ್ತದೆ. ಗಾಳಿಗೂಡುಗಳನ್ನು ಅರಳಿಸಿಡುವ ಸರ್ಫ್ಯಾಕ್ಟಂಟ್ ಕೆಲಸಗೆಡುತ್ತದೆ.

ಹಳೆಯ ಗೈಡು ಓದುವವರು ಇಲ್ಲಿ ಎಚ್ಚರವಹಿಸಬೇಕು. ಚಟುವಟಿಕೆಯಿಲ್ಲದ ಇಂಥ ಪ್ರತಿ ಮಗುವಿನ ಶ್ವಾಸನಾಳಕ್ಕೂ ಕೊಳವೆ ಇಳಿಸಿ ಹೀರುವ ವಾಡಿಕೆಯನ್ನು ಅಮೆರಿಕದ 2015ರ ಮಾರ್ಗಸೂಚಿ ಕೈಬಿಟ್ಟಿತು. ಉಸಿರಾಡದ ಮಗುವಿಗೆ ತಡಮಾಡದೆ ಮಾಸ್ಕ್ ಮೂಲಕ ಗಾಳಿ ಕೊಡುವುದೇ ಮೊದಲು. ಹುಟ್ಟಿದ ಆ ಮೊದಲ ನಿಮಿಷ ಅಷ್ಟು ಅಮೂಲ್ಯ.

ಬಳಿಕ ಅಗತ್ಯದಂತೆ ಆಮ್ಲಜನಕ, ವೆಂಟಿಲೇಟರ್, ಸರ್ಫ್ಯಾಕ್ಟಂಟ್. ಶ್ವಾಸಕೋಶದ ರಕ್ತದೊತ್ತಡ ಏರಿದರೆ ನೈಟ್ರಿಕ್ ಆಕ್ಸೈಡ್ (ನಗೆ ಅನಿಲವಾದ ನೈಟ್ರಸ್ ಆಕ್ಸೈಡ್ ಅಲ್ಲ). ಕೊನೆಯ ಆಸರೆ, ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಎಕ್ಮೊ ಯಂತ್ರ. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶಸ್ತ್ರವೈದ್ಯ ರಾಬರ್ಟ್ ಬಾರ್ಟ್ಲೆಟ್ ಎಕ್ಮೊದಿಂದ ಬದುಕಿಸಿದ ಮೊದಲ ನವಜಾತ ಶಿಶುವಿಗೆ ಇದ್ದದ್ದು ಇದೇ ತೊಂದರೆ.