ದೂರಶಿಕ್ಷಣ ಮತ್ತು ಹಕ್ಕುಸ್ವಾಮ್ಯ: 52ನೇ ಕಲಂ

ಭಾರತದ ಹಕ್ಕುಸ್ವಾಮ್ಯ ಕಾಯ್ದೆ ಬಂದದ್ದು 1957ರಲ್ಲಿ. ಆನ್‌ಲೈನ್ ಪಾಠದ ಕಲ್ಪನೆಯೇ ಇಲ್ಲದ ಕಾಲವದು. ಆದರೂ ದೂರಶಿಕ್ಷಣದ ಶಿಕ್ಷಕರಿಗೆ ಇಂದಿಗೂ ಅದರ 52ನೇ ಕಲಮೇ ಆಸರೆ. 52(1)(ಐ) ಪ್ರಕಾರ ಬೋಧನೆಯ ಭಾಗವಾಗಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಕೃತಿಯನ್ನು ನಕಲು ಮಾಡಿದರೆ ಅದು ಉಲ್ಲಂಘನೆಯಲ್ಲ. ಪ್ರಶ್ನೆಪತ್ರಿಕೆಗೂ ಉತ್ತರಕ್ಕೂ ಇದೇ ವಿನಾಯಿತಿ.

ಇಲ್ಲಿ ಓದಲೇಬೇಕಾದ ಪ್ರಕರಣ ರಾಮೇಶ್ವರಿ ಫೋಟೋಕಾಪಿಯದು. ದೆಹಲಿ ವಿಶ್ವವಿದ್ಯಾಲಯದ ಆವರಣದ ಈ ಜೆರಾಕ್ಸ್ ಅಂಗಡಿ ಪಠ್ಯಕ್ರಮದ ಅಧ್ಯಾಯಗಳನ್ನು ಒಟ್ಟುಗೂಡಿಸಿ ವಿದ್ಯಾರ್ಥಿಗಳಿಗೆ ಮಾರುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. 2016ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ, ಬೋಧನೆಯ ಉದ್ದೇಶಕ್ಕೆ ಅಗತ್ಯವಿದ್ದಷ್ಟು ನಕಲು ನ್ಯಾಯಸಮ್ಮತ ಎಂದಿತು; ಪುಟಗಳ ಶೇಕಡಾವಾರು ಮಿತಿ ಹಾಕಲಿಲ್ಲ. 2017ರಲ್ಲಿ ಪ್ರಕಾಶಕರು ದಾವೆ ಹಿಂಪಡೆದರು. ಬಡ ವಿದ್ಯಾರ್ಥಿಯ ಪಾಲಿಗೆ ಇದು ದೊಡ್ಡ ತೀರ್ಪು.

ಆದರೆ ಯಾರು ಬೇಕಾದರೂ ನೋಡಬಹುದಾದ ಮುಕ್ತ ವಿಡಿಯೊ ಪಾಠಕ್ಕೆ ಈ ರಕ್ಷಣೆ ಎಷ್ಟು ದೂರ ಬರುತ್ತದೆ ಎಂಬುದನ್ನು ಆ ತೀರ್ಪು ನಿರ್ಧರಿಸಿಲ್ಲ. ಹಾಗಾಗಿ ಅಂಥ ಪಾಠಗಳಿಗೆ ಅನುಮತಿ ಪಡೆಯುವುದು ಅಥವಾ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಸಾಮಗ್ರಿ ಬಳಸುವುದು ಕ್ಷೇಮ.

ಪರೀಕ್ಷೆಯಲ್ಲಿ ಗೊಂದಲ ಬೇಡ: ದೂರಶಿಕ್ಷಣದಲ್ಲಿ ಹಕ್ಕುಸ್ವಾಮ್ಯದ ಕೃತಿಗಳ ಬಳಕೆ ಕುರಿತ 2002ರ ಟೀಚ್ ಕಾಯ್ದೆ ಅಮೆರಿಕದ್ದು, ಭಾರತದ್ದಲ್ಲ.